ಇಟ್ಟಿಗೆಯನ್ನೇ ನಂಬಿದ ಎಲ್-ವಕೀಲ್

ಮಕ್ಕಾದ ಉಮ್ರಾ ಯಾತ್ರೆಗೆ ಬಂದು ಮದೀನಾ ನೋಡಿಕೊಂಡು ಹೋದ ನಮ್ಮ ಕರಾವಳಿಯವರೆಲ್ಲ ಒಬ್ಬ ಆರ್ಕಿಟೆಕ್ಟ್‌ ಮಾಡಿದ ಕೆಲಸವನ್ನು ಹತ್ತಿರದಿಂದಲೇ ನೋಡಿರುತ್ತಾರೆ. ಕುಬಾ ಮಸೀದಿ ಅವರದು. ಖಿಬ್ಲತೈನ್ ಮಸೀದಿ ಅವರದು. ಯಾತ್ರೆಯ ಬಟ್ಟೆ ಇಹ್ರಾಮ್ ತೊಡಲು ಬಸ್ಸು ನಿಲ್ಲುತ್ತದಲ್ಲ, ಆ ದುಲ್ ಹುಲೈಫಾದ ಮೀಖಾತ್ ಮಸೀದಿಯೂ ಅವರದೇ. ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಅಬ್ದುಲ್ ವಾಹಿದ್ ಎಲ್-ವಕೀಲ್. 1943ರಲ್ಲಿ ಕೈರೋದಲ್ಲಿ ಹುಟ್ಟಿದವರು. ಅರಬ್ ಆರ್ಕಿಟೆಕ್ಟ್ ಎಂದ ಕೂಡಲೇ ಎಲ್ಲರೂ ಬಗ್ದಾದಿನ ಜಾಹಾ ಹದೀದ್ ಹೆಸರು ಹೇಳುತ್ತಾರೆ. ದೊಡ್ಡ ಹೆಸರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಮನಸ್ಸು ಮಾತ್ರ ಎಲ್-ವಕೀಲ್ ಕಡೆಗೇ ಹೋಗುತ್ತದೆ. ಅದಕ್ಕೆ ನನ್ನ ಕೆಲಸವೂ ಒಂದು ಕಾರಣ.

ಸೌದಿಯ ಜಿದ್ದಾದಲ್ಲಿ ನನ್ನದು ಕಾಂಕ್ರೀಟ್ ರಿಪೇರಿ ಕೆಲಸ. ಕೆಂಪು ಸಮುದ್ರದ ಗಾಳಿಯಲ್ಲಿ ಉಪ್ಪು ಜಾಸ್ತಿ. ಅದು ಮೆಲ್ಲಗೆ ಕಾಂಕ್ರೀಟಿನ ಒಳಗೆ ಇಳಿದು ಕಬ್ಬಿಣದ ಸರಳನ್ನು ಮುಟ್ಟುತ್ತದೆ. ಸರಳು ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ. ಊದಿದ ಸರಳು ಮೇಲಿನ ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳುತ್ತದೆ. ನಾವು ಸುತ್ತಿಗೆ ಹಿಡಿದು ಸೀಲಿಂಗ್ ಉದ್ದಕ್ಕೂ ತಟ್ಟುತ್ತಾ ಹೋಗುತ್ತೇವೆ. ಗಟ್ಟಿ ಇದ್ದಲ್ಲಿ ಠಣ್ ಎನ್ನುತ್ತದೆ, ಟೊಳ್ಳಾದಲ್ಲಿ ಸದ್ದು ಸತ್ತು ಹೋಗುತ್ತದೆ. ಅಲ್ಲಿಗೆ ಸೀಮೆಸುಣ್ಣದ ಗುರುತು. ಎಷ್ಟೋ ಕಟ್ಟಡಗಳಲ್ಲಿ ಗುರುತು ಹಾಕದೆ ಬಿಟ್ಟ ಜಾಗವೇ ಕಡಿಮೆ.

ಅದೇ ಕಡಲಿನ ಅಂಚಿಗೆ ಎಲ್-ವಕೀಲ್ ಕಟ್ಟಿದ ಕಾರ್ನಿಶ್ ಮಸೀದಿ ಇದೆ. ತಳಪಾಯಕ್ಕೆ ಮಾತ್ರ ಕಾಂಕ್ರೀಟು, ಅದರ ಮೇಲೆ ಗೋಡೆಯಿಂದ ಗುಮ್ಮಟದವರೆಗೆ ಇಟ್ಟಿಗೆ. ಕಮಾನು, ಗುಮ್ಮಟ ಎಲ್ಲ ತಮ್ಮ ಭಾರವನ್ನು ಒತ್ತುತ್ತಾ ಕೆಳಗೆ ಇಳಿಸುತ್ತವೆ. ಒತ್ತಡ ತಡೆಯುವುದು ಇಟ್ಟಿಗೆಗೆ ಚೆನ್ನಾಗಿ ಗೊತ್ತು. ಎಳೆತಕ್ಕೆ ಮಾತ್ರ ಅದು ಸೋಲುತ್ತದೆ. ಆಕಾರವನ್ನು ಸರಿಯಾಗಿ ಹಿಡಿದರೆ ಎಳೆತವೇ ಹುಟ್ಟುವುದಿಲ್ಲ, ಆಗ ಸರಳು ಯಾಕೆ ಬೇಕು?

ಮಸೀದಿ ತುಂಬ ಚಿಕ್ಕದು. ಹೊರಗೆ ಬಿಳಿ ಗಾರೆ, ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಒಳಗೆ ಹೋಗಿ ತಲೆ ಎತ್ತಿದರೆ ಗುಮ್ಮಟಕ್ಕೆ ಗಾರೆಯೇ ಇಲ್ಲ. ಇಟ್ಟಿಗೆ ಹಾಗೇ ಕಾಣುತ್ತದೆ, ಕಂಚಿನ ಹಾಗೆ ಗಾಢ ಬಣ್ಣ. ಸುತ್ತಿನ ಮೇಲೆ ಸುತ್ತು, ಮೇಲಕ್ಕೆ ಹೋದಂತೆ ಕಿರಿದಾಗುತ್ತಾ ಹೋಗುವ ಸಾಲುಗಳು. ಅಸರ್ ನಮಾಜ್ ಮುಗಿದ ಮೇಲೆ ಗೋಡೆಗೆ ಒರಗಿ ಆ ಸಾಲುಗಳನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಂದೊಂದು ಇಟ್ಟಿಗೆಯನ್ನೂ ಒಬ್ಬ ಮೇಸ್ತ್ರಿ ಕೈಯಲ್ಲಿ ಹಿಡಿದು, ಓರೆ ನೋಡಿ, ಕೂರಿಸಿದ್ದಾನೆ. ಅದು ಅಲ್ಲಿ ಎದ್ದು ಕಾಣುತ್ತದೆ.

ಎಲ್-ವಕೀಲ್ ಇದನ್ನು ಕಾಲೇಜಿನಲ್ಲಿ ಕಲಿತದ್ದಲ್ಲ. 1965ರಲ್ಲಿ ಕೈರೋದ ಐನ್ ಶಮ್ಸ್ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮುಗಿಸಿ ಅಲ್ಲೇ ಪಾಠ ಹೇಳಿದರು. ಎಲ್ಲೆಲ್ಲೂ ಕಾಂಕ್ರೀಟಿನದೇ ಕಾಲ ಅದು. ಆಮೇಲೆ ಅವರು ಹಸನ್ ಫತ್ಹಿ ಅವರ ಶಿಷ್ಯರಾದರು. ಫತ್ಹಿ ಅಂದರೆ ಲಕ್ಸರ್ ಹತ್ತಿರ ಹೊಸ ಗುರ್ನಾ ಎಂಬ ಊರನ್ನೇ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿಸಿದವರು. ಅವರಿಗೂ ಇದನ್ನು ಕಲಿಸಿದ್ದು ಅಸ್ವಾನ್ ಕಡೆಯ ನೂಬಿಯಾದ ಮೇಸ್ತ್ರಿಗಳು. ಆ ಮೇಸ್ತ್ರಿಗಳು ಸೆಂಟ್ರಿಂಗ್, ಅಂದರೆ ಕೆಳಗಿನಿಂದ ಮರದ ಆಸರೆ, ಇಲ್ಲದೆಯೇ ಕಮಾನಿನ ಚಾವಣಿ ಕಟ್ಟುತ್ತಿದ್ದರು. ಮೊದಲು ಹಿಂದಿನ ಗೋಡೆ ಎಬ್ಬಿಸುತ್ತಾರೆ. ಅದಕ್ಕೆ ಒರಗುವ ಹಾಗೆ ಮೊದಲ ಸಾಲಿನ ಇಟ್ಟಿಗೆಗಳನ್ನು ಓರೆಯಾಗಿ ಅಂಟಿಸುತ್ತಾರೆ. ಮುಂದಿನ ಸಾಲು ಅದರ ಮೇಲೆ ಒರಗುತ್ತದೆ. ಹಸಿ ಮಣ್ಣಿನ ಅಂಟೇ ಇಟ್ಟಿಗೆ ಜಾರದಂತೆ ಹಿಡಿದುಕೊಳ್ಳುತ್ತದೆ. ಮರ ಸಿಗದ ಸೀಮೆಯಲ್ಲಿ ಬಡವರು ಕಂಡುಕೊಂಡ ದಾರಿ ಇದು.

ಎಲ್-ವಕೀಲ್ ಹೆಸರು ಮಾಡಿದ್ದು ಒಂದು ಮನೆಯಿಂದ. ಅಲೆಕ್ಸಾಂಡ್ರಿಯಾದ ಪಶ್ಚಿಮಕ್ಕೆ, ಅಗಾಮಿಯ ಕಡಲ ತೀರದಲ್ಲಿ ಕಟ್ಟಿದ ಹಲಾವಾ ಮನೆ. 1975ರಲ್ಲಿ ಮುಗಿಯಿತು. ಅಲ್ಲಿ ಸುಣ್ಣದ ಕಲ್ಲು ಸಿಗುತ್ತಿತ್ತು, ಗೋಡೆಗೆ ಅದನ್ನೇ ಹಾಕಿದರು. ನಡುವೆ ಅಂಗಳ, ಅಂಗಳದಲ್ಲಿ ಕಾರಂಜಿ, ಗಾಳಿಯನ್ನು ಮೇಲಿಂದ ಹಿಡಿದು ಒಳಗೆ ಇಳಿಸುವ ಗೋಪುರ. 1980ರಲ್ಲಿ ಕಟ್ಟಡಗಳಿಗೆ ಕೊಡುವ ಆಗಾ ಖಾನ್ ಪ್ರಶಸ್ತಿಯನ್ನು ಮೊದಲ ಸಲ ಕೊಟ್ಟಾಗ ಆ ಮನೆಯೂ ಪಟ್ಟಿಯಲ್ಲಿತ್ತು. ನನಗೆ ಬಹಳ ಹಿಡಿಸಿದ ಸಂಗತಿ ಇದು: ಪ್ರಶಸ್ತಿಯಲ್ಲಿ ಆರ್ಕಿಟೆಕ್ಟ್ ಹೆಸರಿನ ಜೊತೆಗೇ ಮೇಸ್ತ್ರಿ ಅಲಾವುದ್ದೀನ್ ಮುಸ್ತಫಾ ಅವರ ಹೆಸರೂ ಇತ್ತು. ನಮ್ಮಲ್ಲಿ ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಯ ಹೆಸರು ಇರುತ್ತದೆ, ಕಮಿಟಿಯವರ ಹೆಸರು ಇರುತ್ತದೆ. ಮೇಸ್ತ್ರಿಯ ಹೆಸರು ಎಲ್ಲಿಯಾದರೂ ನೋಡಿದ್ದೀರಾ?

ಆಮೇಲೆ ಸೌದಿ. ಎಣ್ಣೆಯ ದುಡ್ಡು ಬಂದು ಜಿದ್ದಾ ಒಂದೇ ಸಮನೆ ಬೆಳೆಯುತ್ತಿದ್ದ ಹೊತ್ತು. ಮೇಯರ್ ಮುಹಮ್ಮದ್ ಸಯೀದ್ ಫಾರ್ಸಿ ಕಡಲ ತೀರವನ್ನು ಶಿಲ್ಪಗಳಿಂದ ಸಿಂಗರಿಸುತ್ತಿದ್ದರು. ಆ ತೀರದಲ್ಲೇ ಎಲ್-ವಕೀಲ್ ಅವರ ಪುಟ್ಟ ಮಸೀದಿಗಳು ಎದ್ದವು. ದೇಶದಲ್ಲಿ ಅವರು ಕಟ್ಟಿದ ಮಸೀದಿಗಳು ಒಟ್ಟು ಹತ್ತಕ್ಕೂ ಹೆಚ್ಚು. ಜಿದ್ದಾದ ಕಿಂಗ್ ಸೌದ್ ಮಸೀದಿಯ ಇಟ್ಟಿಗೆ ಗುಮ್ಮಟದ ಅಗಲ ಸುಮಾರು 20 ಮೀಟರ್. ಮಿನಾರ್ 60 ಮೀಟರ್ ಎತ್ತರ. ಬಡವರ ಮಣ್ಣಿನ ಮನೆಯ ವಿದ್ಯೆ ಅಲ್ಲಿಯವರೆಗೆ ಬೆಳೆದು ನಿಂತಿತು. ಕಾರ್ನಿಶ್ ಮಸೀದಿಗೆ 1989ರಲ್ಲಿ ಮತ್ತೆ ಆಗಾ ಖಾನ್ ಪ್ರಶಸ್ತಿ ಬಂತು. 2009ರಲ್ಲಿ ಸಾಂಪ್ರದಾಯಿಕ ವಾಸ್ತುಶಿಲ್ಪಕ್ಕೆ ಕೊಡುವ ಅಮೆರಿಕದ ಡ್ರೀಹೌಸ್ ಪ್ರಶಸ್ತಿಯೂ ಸಿಕ್ಕಿತು. ಆಕ್ಸ್‌ಫರ್ಡಿನ ಇಸ್ಲಾಮಿಕ್ ಅಧ್ಯಯನ ಕೇಂದ್ರದ ಕಟ್ಟಡ ಕೂಡ ಅವರದೇ ವಿನ್ಯಾಸ.

ಖಿಬ್ಲತೈನ್ ಮಸೀದಿಯಲ್ಲಿ ಎರಡು ಗುಮ್ಮಟ ಯಾಕಿದೆ ಅಂತ ಮೊದಲ ಸಲ ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು. ನಮಾಜಿನ ದಿಕ್ಕು ಜೆರುಸಲೇಮಿನಿಂದ ಮಕ್ಕಾಕ್ಕೆ ತಿರುಗಿದ ಜಾಗ ಅದು. ಒಂದು ಗುಮ್ಮಟ ಈಗಿನ ಖಿಬ್ಲಾದ ಕಡೆಗೆ, ಇನ್ನೊಂದು ಹಳೆಯ ದಿಕ್ಕನ್ನು ನೆನಪಿಸುವುದಕ್ಕೆ. ಒಂದು ಅಕ್ಷರ ಬರೆಯದೆ ಇಡೀ ಕತೆಯನ್ನು ಚಾವಣಿಯಲ್ಲೇ ಹೇಳಿಬಿಟ್ಟಿದ್ದಾರೆ. ಕುಬಾದ ವಿಷಯದಲ್ಲಿ ನನಗೆ ಸಂಕಟ ಇದೆ. ಹಳೆಯ ಮಸೀದಿಯನ್ನು ಉಳಿಸಿಕೊಂಡು ಅದರ ಸುತ್ತ ಹೊಸದು ಕಟ್ಟಬೇಕು ಎಂದು ಅವರು ಬಯಸಿದ್ದರು. ಕೊನೆಗೆ ಹಳೆಯದನ್ನು ಕೆಡವಿಯೇ ಕಟ್ಟಿದರು. ಹೊಸ ಮಸೀದಿ ಚೆಂದವಿದೆ, ಅಂಗಳದ ಮೇಲೆ ಬಿಸಿಲಿಗೆ ಬಿಚ್ಚುವ ಬಟ್ಟೆಯ ಚಪ್ಪರವೂ ಇದೆ. ಆದರೂ ಹೋದದ್ದು ಹೋಯಿತು, ಅಲ್ವಾ?

ಅವರು ಹಳೆಯದನ್ನೇ ನಕಲು ಮಾಡುತ್ತಾರೆ ಎಂದು ಟೀಕಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಕಲು ಅಂದರೆ ಕಾಂಕ್ರೀಟಿನಲ್ಲಿ ಗುಮ್ಮಟದ ಆಕಾರ ಎರಕ ಹೊಯ್ದು ಪೇಂಟ್ ಬಳಿಯುವುದು. ನಮ್ಮ ಕರಾವಳಿಯಲ್ಲಿ ಈಗ ಆಗುತ್ತಿರುವುದು ಅದು. ನಮ್ಮ ಹಳೆಯ ಮಸೀದಿಗಳಿಗೆ ಹಂಚಿನ ಇಳಿಜಾರು ಮಾಡು ಇತ್ತು, ಮರದ ಕಂಬ ಇತ್ತು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಕೆತ್ತನೆಯ ಕಂಬಗಳನ್ನು ಒಮ್ಮೆ ಕೈಯಿಂದ ಸವರಿ ನೋಡಿ. ಎಲ್-ವಕೀಲ್ ನಮ್ಮ ಕಡೆ ಹುಟ್ಟಿದ್ದರೆ ಇಟ್ಟಿಗೆಯ ಗುಮ್ಮಟ ಕಟ್ಟುತ್ತಿರಲಿಲ್ಲ, ಹಂಚಿನ ಮಾಡನ್ನೇ ಕಟ್ಟುತ್ತಿದ್ದರು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಊರಿನ ಮಸೀದಿ ಕಮಿಟಿಯವರು ಮೊನ್ನೆ ಫೋನ್ ಮಾಡಿದ್ದರು. "ನೀವು ಅಲ್ಲೇ ಇದ್ದೀರಲ್ಲ, ಮದೀನಾದ ತರದ್ದೇ ಒಂದು ಗುಮ್ಮಟದ ಪ್ಲಾನ್ ಕಳಿಸಿ" ಎಂದರು. ಪ್ಲಾನಿನ ಮಾತು ಆಮೇಲೆ, ಮೊದಲು ಹಂಚಿನ ಮಾಡು ಕಟ್ಟಬಲ್ಲ ಹಳೆಯ ಆಚಾರಿಗಳು ಯಾರು ಉಳಿದಿದ್ದಾರೆ ಹುಡುಕಿ ಎಂದೆ. ಇಬ್ಬರ ಹೆಸರು ಹೇಳಿದ್ದಾರೆ. ರಜೆಯಲ್ಲಿ ಬಂದಾಗ ಅವರನ್ನು ಕರೆದುಕೊಂಡು ಹೋಗಿ ಹಳೆಯ ಮಾಡಿನ ಮರದ ಪಕ್ಕಾಸು, ರೀಪು ಎಲ್ಲ ಒಂದೊಂದಾಗಿ ನೋಡಬೇಕು.