ಘಾನಾದಲ್ಲಿ ಸಿಕ್ಕ ಶನಿವಾರದ ಹೆಸರು

ಕೆಲಸದ ಮೇಲೆ ಪಶ್ಚಿಮ ಆಫ್ರಿಕಾದ ಘಾನಾಕ್ಕೆ ಹೊರಟಾಗ ತಿಳಿದುಕೊಳ್ಳಬೇಕಾದ್ದನ್ನೆಲ್ಲ ತಿಳಿದುಕೊಂಡೇ ಹೋಗಿದ್ದೆ. ಹಳದಿ ಜ್ವರದ ಲಸಿಕೆ ಹಾಕಿಸಿ ಆ ಹಳದಿ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಂಡಿದ್ದೆ. ಮಲೇರಿಯಾ ಮಾತ್ರೆಯೂ ಇತ್ತು. ಅಲ್ಲಿ ನಡೆಯುವ ದುಡ್ಡು ಸೆಡಿ, ಅದರ ಚಿಲ್ಲರೆ ಪೆಸೆವಾ. ನಮ್ಮಲ್ಲಿ ಮಧ್ಯಾಹ್ನ ಹನ್ನೆರಡೂವರೆ ಆದಾಗ ಅಲ್ಲಿ ಬೆಳಿಗ್ಗೆ ಏಳು. ಆಡಳಿತ ಭಾಷೆ ಇಂಗ್ಲಿಷ್, ಹಾಗಾಗಿ ಮಾತಿಗೆ ಕಷ್ಟವಿಲ್ಲ. ಆದರೆ ಹುಟ್ಟಿದ ವಾರವನ್ನೂ ನೆನಪಿಟ್ಟುಕೊಂಡು ಹೋಗಬೇಕು ಅಂತ ಯಾರೂ ಹೇಳಿರಲಿಲ್ಲ.

ಒಂದು ರಜಾದಿನ ರಾಜಧಾನಿ ಅಕ್ರಾದ ಕನೇಶಿ ನಿಲ್ದಾಣದಲ್ಲಿ ಕಡಲತೀರದ ಊರು ಕೇಪ್ ಕೋಸ್ಟ್‌ಗೆ ಹೋಗುವ ಟ್ರೋಟ್ರೋ ಹತ್ತಿದೆ. ಟ್ರೋಟ್ರೋ ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್ ಥರದ ವ್ಯಾನು. ಅದಕ್ಕೆ ಹೊರಡುವ ಸಮಯ ಅಂತ ಇಲ್ಲ, ಸೀಟು ತುಂಬಿದರೆ ಹೊರಡುತ್ತದೆ. ಕಾಯುವಾಗ ತಲೆಯ ಮೇಲೆ ಬೋಗುಣಿ ಹೊತ್ತ ಹುಡುಗಿಯೊಬ್ಬಳು ನೀರಿನ ಪ್ಯಾಕೆಟ್ ಮಾರುತ್ತ ಬಂದಳು. ನಾನು ಕಿಟಕಿಯಿಂದ ಎಡಗೈಯಲ್ಲಿ ದುಡ್ಡು ಚಾಚಿದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಕೈಯನ್ನು ಮೆಲ್ಲಗೆ ಒಳಗೆಳೆದು, ‘ಬಲಗೈ’ ಅಂದರು. ಮೈಯೆಲ್ಲ ನಾಚಿಕೆಯಾಯಿತು. ಎಡಗೈಯಲ್ಲಿ ಕೊಡಬಾರದು ಅಂತ ನನ್ನಜ್ಜಿ ಎಷ್ಟು ಸಲ ಹೇಳಿದ್ದರು!

ಅಲ್ಲೂ ದೊಡ್ಡ ಹೆಂಗಸರನ್ನು ಆಂಟಿ ಅಂತಲೇ ಕರೆಯುತ್ತಾರೆ. ಆ ಆಂಟಿ ನನ್ನ ಹೆಸರು ಕೇಳಿದರು. ಮರುಪ್ರಶ್ನೆಯೇ, ‘ಯಾವ ವಾರ ಹುಟ್ಟಿದ್ದು?’

ಶನಿವಾರ ಅಂತ ಸಣ್ಣ ದನಿಯಲ್ಲಿ ಹೇಳಿದೆ. ನಮ್ಮ ಮನೆಯಲ್ಲಿ ಅದನ್ನು ಜೋರಾಗಿ ಹೇಳುತ್ತಿರಲಿಲ್ಲ. ಹೆಣ್ಣುಮಗು, ಶನಿವಾರ ಬೇರೆ, ಅಂತ ಯಾರೋ ಅಂದ ಮಾತು ಅಮ್ಮನಿಗೆ ಇಂದಿಗೂ ಚುಚ್ಚುತ್ತದೆ. ಆಂಟಿ ಮಾತ್ರ ಚಪ್ಪಾಳೆ ತಟ್ಟಿಬಿಟ್ಟರು. ‘ಹಾಗಾದರೆ ನೀನು ಅಮಾ!’ ಅಲ್ಲಿನ ಅಕಾನ್ ಜನರಲ್ಲಿ ಮಗುವಿಗೆ ಹುಟ್ಟಿದ ವಾರದ ಹೆಸರೂ ಇರುತ್ತದಂತೆ. ಶನಿವಾರದ ಹೆಣ್ಣು ಅಮಾ, ಗಂಡು ಕ್ವಾಮೆ. ಶುಕ್ರವಾರದ ಗಂಡು ಕೋಫಿ. 1957ರ ಮಾರ್ಚ್ 6ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಮುಂದೆ ನಿಂತಿದ್ದ ಕ್ವಾಮೆ ಎನ್‌ಕ್ರುಮಾ ಹೆಸರಲ್ಲೂ ಶನಿವಾರವೇ ಇದೆ. ದಾರಿಯುದ್ದಕ್ಕೂ ಆಂಟಿ ನನ್ನನ್ನು ಅಮಾ ಅಂತಲೇ ಕರೆದರು. ನನ್ನ ಕಿವಿಗೆ ಅದು ಅಮ್ಮ ಅಂತಲೇ ಕೇಳುತ್ತಿತ್ತು.

ಇಳಿದ ಮೇಲೆ ವಾಚೆ ತಿನ್ನಿಸಿದ್ದೂ ಅವರೇ. ಅನ್ನ, ಅಲಸಂದೆ ಕಾಳು ಎರಡನ್ನೂ ಜೋಳದ ಒಣ ಎಲೆ ಹಾಕಿ ಬೇಯಿಸುತ್ತಾರೆ. ಅದರಿಂದಲೇ ಆ ಕೆಂಚು ಬಣ್ಣ. ಸಸ್ಯಾಹಾರಿಗಳು ಪಕ್ಕದ ಕಪ್ಪು ಚಟ್ನಿ ಶಿಟೊ ಬೇಡ ಅನ್ನಬೇಕು, ಅದರಲ್ಲಿ ಒಣಮೀನು ಇರುತ್ತದೆ.

ಆಮೇಲೆ ಒಬ್ಬಳೇ ಕೇಪ್ ಕೋಸ್ಟ್ ಕೋಟೆಗೆ ಹೋದೆ. ಸುಣ್ಣ ಬಳಿದ ಬಿಳಿ ಕೋಟೆ, ಸಮುದ್ರಕ್ಕೆ ಮುಖ ಮಾಡಿದ ಫಿರಂಗಿಗಳು. ಕೆಳಗೆ ಗುಲಾಮರನ್ನು ಕೂಡಿಹಾಕುತ್ತಿದ್ದ ನೆಲಮಾಳಿಗೆಗಳು. ಗಂಡಸರ ನೆಲಮಾಳಿಗೆಯ ಮೇಲೆಯೇ ಬ್ರಿಟಿಷರು ಪ್ರಾರ್ಥನೆ ಮಾಡುತ್ತಿದ್ದರು. ಹೆಂಗಸರ ನೆಲಮಾಳಿಗೆಯಲ್ಲಿ ಬೆಳಕೇ ಇಲ್ಲ ಅನ್ನುವಷ್ಟು ಕತ್ತಲೆ. ಗೋಡೆ ಮುಟ್ಟಿದೆ, ತಣ್ಣಗಿತ್ತು. ಇಲ್ಲಿ ಎಷ್ಟು ಜನ ಅಮಾ ಕೂತಿದ್ದರೋ ಅನ್ನಿಸಿ ಗಂಟಲು ಕಟ್ಟಿತು.

ಇಲ್ಲಿಂದ ಹಡಗು ಹತ್ತಿಸಿ ಕಳಿಸಿದ ಗುಲಾಮರಿಂದ ಊರು, ಮನೆ, ಮಕ್ಕಳು ಎಲ್ಲ ಕಿತ್ತುಕೊಂಡರು. ಆದರೂ ವಾರದ ಹೆಸರು ಸಮುದ್ರ ದಾಟಿತು. ಜಮೈಕಾದಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ, 1739ರಲ್ಲಿ ಅವರನ್ನು ಒಪ್ಪಂದಕ್ಕೆ ಕೂರಿಸಿದ, ತಪ್ಪಿಸಿಕೊಂಡ ಗುಲಾಮರ ನಾಯಕನ ಹೆಸರು ಕಜೋ. ಅದು ಅಕಾನರ ಕೋಜೊ, ಸೋಮವಾರ ಹುಟ್ಟಿದವನು.

‘ಮರಳಿ ಬಾರದ ಬಾಗಿಲು’ ಅಂತ ಬರೆದ ಬಾಗಿಲಿನಿಂದ ಹೊರಗೆ ಬಂದೆ. ಹೊರಗೆ ಸುಡುಬಿಸಿಲು, ಬಣ್ಣಬಣ್ಣದ ದೋಣಿಗಳು, ಬಲೆ ಸರಿಮಾಡುತ್ತಿದ್ದ ಮೀನುಗಾರರು. ಒಬ್ಬ ಹುಡುಗ ಓಡಿಬಂದು ನಿಮ್ಮ ಹೆಸರೇನು ಅಂದ.

‘ಅಮಾ’ ಅಂದೆ, ಜೋರಾಗಿಯೇ.

‘ನನ್ನ ಅಕ್ಕನೂ ಅಮಾ’ ಅಂತ ಅವನು ದೋಣಿಯ ಕಡೆ ಕೈ ತೋರಿಸಿದ.