ಬೀದರಿಗೆ ಹೋಗಿದ್ದು ಗೋಡೆ ನೋಡಲಿಕ್ಕೆ

ಕಲಬುರಗಿಯ ಒಂದು ಕಾಲೇಜಿನವರು ಹೊಸ ಕಟ್ಟಡಕ್ಕೆ ನಕ್ಷೆ ಮಾಡಿಕೊಡಿ ಅಂದರು. ಮುಂದೆಲ್ಲ ಗಾಜು ಬೇಕಂತೆ, ಹೈದರಾಬಾದಿನಲ್ಲಿ ಇದ್ದ ಹಾಗೆ. ಕೇಳಿ ನನಗೆ ಸಂಕಟವಾಯಿತು. ಯಾಕೆಂದರೆ ಎಂಟು ವರ್ಷದ ಹಿಂದೆ ಅಂಥದ್ದೊಂದನ್ನು ನಾನೇ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಪಶ್ಚಿಮಕ್ಕೆ ಮುಖ ಮಾಡಿದ ಮೂರು ಮಹಡಿ, ಪೂರ್ತಿ ಗಾಜು. ಮೊದಲ ಏಪ್ರಿಲ್‌ನಲ್ಲೇ ಒಳಗೆ ಕೂರುವವರು ಗಾಜಿಗೆ ಪೇಪರ್ ಅಂಟಿಸಿದರು, ಮುಂದಿನ ವರ್ಷ ಹೊರಗಿನಿಂದ ನರ್ಸರಿಯವರು ಕಟ್ಟುತ್ತಾರಲ್ಲ, ಆ ಹಸಿರು ಬಲೆ ಬಂತು. ಈಗಲೂ ಆ ರಸ್ತೆಯಲ್ಲಿ ಹೋಗುವಾಗ ನಾನು ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತೇನೆ.

ಸರಿ, ಪೆನ್ಸಿಲ್ ಹಿಡಿಯುವ ಮೊದಲು ಒಮ್ಮೆ ಬೀದರ್ ನೋಡಿ ಬರೋಣ ಅನ್ನಿಸಿತು. ಒಬ್ಬನೇ ಹೋದರೆ ಸುಮ್ನೆ ಫೋಟೊ ತೆಗೆದು ಬರ್ತೀನಿ ಅಂತ ಗೊತ್ತಿತ್ತು, ಅದಕ್ಕೆ ಗೌಂಡಿ ಕಾಕಾನನ್ನೂ ಕರೆದೆ. ನಲವತ್ತು ವರ್ಷ ಕಲ್ಲಿನ ಕೆಲಸ ಮಾಡಿದ ಮನುಷ್ಯ. ನನ್ನನ್ನು ಇಂಜಿನಿಯರ್ ಸಾಹೇಬ್ರ ಅಂತಲೇ ಕರೆಯುತ್ತಾನೆ. ನಾನು ಆರ್ಕಿಟೆಕ್ಟ್ ಅಂತ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇನೆ. ಸ್ಟೇಷನ್ ಹತ್ತಿರ ಸುಸಲಾ ಮಿರ್ಚಿ ತಿಂದು ಬೆಳಗಿನ ರೈಲು ಹತ್ತಿದೆವು. 2017ರಲ್ಲಿ ಈ ಲೈನ್ ಶುರುವಾದ ಮೇಲೆ ಬೀದರ್ ನಮಗೆ ಹತ್ತಿರವಾಗಿದೆ. ಕಮಲಾಪುರ, ಹುಮನಾಬಾದ್ ದಾಟುತ್ತ ಹೋದ ಹಾಗೆ ಕರಿ ಮಣ್ಣು ಕಡಿಮೆಯಾಗಿ ನೆಲ ಕೆಂಪಾಗುತ್ತದೆ.

ಮಹಮೂದ್ ಗಾವಾನನ ಮದರಸಾ ಎಷ್ಟೋ ಸಲ ನೋಡಿದ್ದೆ, ಆದರೆ ಹೊರಗಿನಿಂದ. ಇರಾನಿನ ಗೀಲಾನ್‌ನಿಂದ ಬಂದು ಬಹಮನಿಗಳ ಪ್ರಧಾನಿಯಾದವನು ಗಾವಾನ. 1472ರಲ್ಲಿ ಇದನ್ನು ಕಟ್ಟಿಸಿದ, 1481ರಲ್ಲಿ ಸುಲ್ತಾನನೇ ಅವನ ತಲೆ ತೆಗೆಸಿದ. ನಕ್ಷೆ ಅವನ ಊರ ಕಡೆಯದು. ನಡುವೆ ಬಯಲು ಅಂಗಳ, ನಾಲ್ಕೂ ಕಡೆ ದೊಡ್ಡ ಕಮಾನಿನ ಪಡಸಾಲೆ, ಸುತ್ತ ಮೂರು ಅಂತಸ್ತಿನ ಕೋಣೆಗಳು. ಓದುವವರು, ಓದಿಸುವವರು ಎಲ್ಲ ಅಲ್ಲೇ ಇರುತ್ತಿದ್ದರು, 3000 ಪುಸ್ತಕಗಳ ಗ್ರಂಥಾಲಯವೂ ಇತ್ತು ಎನ್ನುತ್ತಾರೆ. ಈಗಿನ ಭಾಷೆಯಲ್ಲಿ ಕ್ಯಾಂಪಸ್ಸೇ ಅಲ್ವಾ? ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗಿಟ್ಟಿದ್ದ ಮದ್ದು ಸಿಡಿದು ಒಂದು ಮಿನಾರು, ಮುಂಭಾಗದ ಒಂದಷ್ಟು ಹಾರಿಹೋಯಿತು. ಉಳಿದ ಮಿನಾರಿನ ಮೇಲೆ ಅಂಕುಡೊಂಕು ಪಟ್ಟೆಗಳ ಬಣ್ಣದ ಹೆಂಚುಗಳು ಇನ್ನೂ ಇವೆ, ಅರ್ಧಕ್ಕರ್ಧ ಉದುರಿವೆ. ಎಲ್ಲರೂ ಆ ನೀಲಿಯ ಫೋಟೊ ತೆಗೆಯುತ್ತಾರೆ, ನಾನೂ ತೆಗೆದೆ.

ಕಾಕಾ ಆ ಕಡೆ ನೋಡಲೂ ಇಲ್ಲ. ಸೀದಾ ಒಂದು ಕೋಣೆಗೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ಕೂತುಬಿಟ್ಟ.

"ಸಾಹೇಬ್ರ, ಇಲ್ಲಿ ಬರ್ರಿ. ಗಾಳಿ ಹ್ಯಾಂಗ ಬರ್ಲತ್ತದ ನೋಡ್ರಿ."

ಹೊರಗೆ ಹನ್ನೊಂದೂವರೆಗೇ ಅಂಗಳದ ಕಲ್ಲು ಕಾಲು ಸುಡುತ್ತಿತ್ತು. ಒಳಗೆ ಬೆವರು ಆರಿತು. ಕಿಟಕಿಯಲ್ಲಿ ಮೊಣಕೈವರೆಗೆ ಕೈ ಚಾಚಿದರೂ ಗೋಡೆಯ ಆಚೆ ಅಂಚು ಸಿಗಲಿಲ್ಲ. ಅಷ್ಟು ದಪ್ಪ. ಬಿಸಿಲು ಒಳಗೆ ಬರುವುದಕ್ಕೆ ಮೊದಲೇ ದಾರಿಯಲ್ಲಿ ಸೋತುಹೋಗುತ್ತದೆ. ನಮ್ಮ ಹಳೆ ವಾಡೆಗಳಲ್ಲಿ ಇದ್ದದ್ದೂ ಇದೇ ಲೆಕ್ಕ, ನಡುವೆ ಅಂಗಳ, ಸುತ್ತ ಪಡಸಾಲೆ. ದೂರದಿಂದ ಬಂದ ನಕ್ಷೆ ಇಲ್ಲಿ ಹೊಂದಿಕೊಂಡದ್ದು ಸುಮ್ನೆ ಅಲ್ಲ.

ಅಲ್ಲಿ ಕೂತಾಗ ಒಂದು ವಿಷಯ ಹೊಳೆಯಿತು. ಮದರಸಾ ಅಳತೆ ಸುಮಾರು 205 ಅಡಿಗೆ 180 ಅಡಿ. ನಮ್ಮ ಕಲಬುರಗಿ ಕೋಟೆಯ ಜಾಮಾ ಮಸೀದಿ 216ಕ್ಕೆ 176. ಹೆಚ್ಚುಕಮ್ಮಿ ಒಂದೇ. ಅದನ್ನು 1367ರಲ್ಲಿ ಕಟ್ಟಿದವನು ಕಜ್ವೀನ್‌ನ ರಫಿ, ಅವನೂ ಇರಾನಿನವನೇ. ಆದರೆ ಅವನು ಅಂಗಳವನ್ನೇ ಬಿಡಲಿಲ್ಲ, ಪೂರ್ತಿ ಗುಮ್ಮಟಗಳಿಂದ ಮುಚ್ಚಿ, ಬದಿಯ ಗೋಡೆಗಳನ್ನು ಕಮಾನು ಮಾಡಿ ತೆರೆದಿಟ್ಟ. ಒಬ್ಬ ನಡುವೆ ತೆರೆದ, ಇನ್ನೊಬ್ಬ ಬದಿಗೆ ತೆರೆದ. ಎರಡೂ ಕಡೆ ಬೇಸಿಗೆಯಲ್ಲಿ ಕೂರಬಹುದು. ನಾನು ಹುಟ್ಟಿದ್ದು ಆ ಮಸೀದಿಯಿಂದ ಎರಡು ಕಿಲೋಮೀಟರ್ ದೂರದಲ್ಲಿ, ನಕ್ಷೆ ಕಲಿಯಲು ಹೋದದ್ದು ಮಾತ್ರ ಪುಣೆಗೆ.

ಬೀದರ್ ಕೋಟೆಯಲ್ಲಿ ಜಾಸ್ತಿ ಹೊತ್ತು ಇರಲಿಲ್ಲ, ಬಿಸಿಲು. ಖಂದಕ ಮಾತ್ರ ನೋಡಿದೆವು. ಬಂಡೆಯನ್ನೇ ಕಡಿದು ಮೂರು ಸಾಲು ಮಾಡಿದ್ದಾರೆ, ನಡುವೆ ಬಂಡೆಯ ಗೋಡೆಗಳನ್ನು ಹಾಗೇ ಬಿಟ್ಟಿದ್ದಾರೆ. "ಕಡದ ಕಲ್ಲು ಎಲ್ಲಿ ಹೋಗ್ತದ್ರಿ, ಗ್ವಾಡಿಗೇ ಹೋಗ್ತದ" ಅಂದ ಕಾಕಾ. ಒಂದು ಕಲ್ಲಿನ ತೂತಿಗೆ ಕಿರುಬೆರಳು ಹಾಕಿ ತಿರುಗಿಸಿದ, ಕೆಂಪು ಪುಡಿ ಉದುರಿತು. ಈ ಕಲ್ಲು ನೆಲದಿಂದ ತೆಗೆಯುವಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ.

ಆ ತೂತುಗಳೇ ಊರಿಗೆ ನೀರು ಕೊಟ್ಟಿವೆ. ಆಟೊ ಹಿಡಿದು ನೌಬಾದಿನ ಸುರಂಗ ಬಾವಿಗೆ ಹೋದಾಗ ಇದು ಅರ್ಥವಾಯಿತು. ಮಳೆನೀರು ಕೆಂಪು ಕಲ್ಲಿನಲ್ಲಿ ಇಳಿಯುತ್ತದೆ, ಕೆಳಗಿನ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಆ ಎರಡರ ನಡುವಿನ ಗೆರೆ ಹಿಡಿದು ಸುರಂಗ ತೋಡಿದ್ದಾರೆ, ಗಾಳಿ ಬೆಳಕಿಗೆ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿ. ಪಂಪಿಲ್ಲ, ಇಳಿಜಾರಿನಲ್ಲಿ ನೀರು ತಾನೇ ಹರಿಯುತ್ತದೆ. ಮೆಟ್ಟಿಲಿಳಿದು ಬಗ್ಗಿದರೆ ಮುಖಕ್ಕೆ ತಂಪು ಹೊಡೆಯಿತು. ಕಾಕಾ ಕೈಕಾಲು ತೊಳೆದುಕೊಂಡ.

ವಾಪಸು ರೈಲಿನಲ್ಲಿ ನನಗೆ ಹುರುಪು ಹತ್ತಿತ್ತು. "ಕಾಕಾ, ಇದೇ ಕೆಂಪು ಕಲ್ಲು ಲಾರಿಗೆ ಹೇರಿಸಿ ತಂದರೆ ಹೇಗೆ? ಮುಂದಿನ ಗೋಡೆಗೆ ಅಂಟಿಸೋಣ."

"ಯಾಕ್ರಿ, ನಮ್ಮಲ್ಲಿ ಕಲ್ಲಿಲ್ಲೇನ್ರಿ? ಶಹಾಬಾದ್ ಪರಸಿ ಕಾಲ ಕೆಳಗೇ ಅದ."

ಮುಖಕ್ಕೆ ಹೊಡೆದ ಹಾಗಾಯಿತು. ಮತ್ತೆ ಅದೇ ತಪ್ಪು, ಗಾಜಿನ ಬದಲು ಕಲ್ಲು, ಅಷ್ಟೇ. ಚೀಟಿಯ ಹಿಂದೆ ಗೀಚಲು ಶುರು ಮಾಡಿದೆ. ನಡುವೆ ಅಂಗಳ, ಪಶ್ಚಿಮಕ್ಕೆ ಮೆಟ್ಟಿಲು, ಸಂಡಾಸು, ಸ್ಟೋರ್ ರೂಮು. ಬಿಸಿಲನ್ನು ಅವು ತಡೆದುಕೊಳ್ಳಲಿ. ನಮ್ಮದು ಕರಿ ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ತಳಪಾಯ ಆಳಕ್ಕೇ ಹೋಗಬೇಕು. ಕಾಕಾ ಬಗ್ಗಿ ಚೀಟಿ ನೋಡಿದ.

"ಆ ಜಾಗಾದಾಗ ಬೇವಿನ ಗಿಡ ಅದ ಅಂದಿದ್ರಿ. ಯಾವ ಕಡಿ ಬರ್ತದ್ರಿ?"

ನಾನು ಫೋನಿನಲ್ಲಿ ಮ್ಯಾಪ್ ತೆಗೆದೆ. ಮೇಲಿನಿಂದ ಒಂದು ಹಸಿರು ಚುಕ್ಕೆ ಕಂಡಿತು, ಅದು ಬೇವೋ ಜಾಲಿಯೋ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಜಾಗಕ್ಕೆ ನಾನು ಹೋದದ್ದು ಒಂದೇ ಸಲ, ಅದೂ ಸಂಜೆ ಏಳಕ್ಕೆ, ಕಾರಿನಿಂದ ಇಳಿಯದೆ. ನಾಳೆ ಮಧ್ಯಾಹ್ನ ಎರಡಕ್ಕೆ ಬರ್ತೀಯಾ ಅಂತ ಕಾಕಾನನ್ನು ಕೇಳಿದೆ. "ಟೋಪಿ ತರ್ರಿ" ಅಂದ.