ನನ್ನ ಏಳನೇದು ಎಲ್ಲಿ?

ತಿಪಟೂರಿನ ಒಂದು ಕೊಬ್ಬರಿ ಮಂಡಿಗೆ ಬಿಲ್ ಹಾಕುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಬ್ರೌಸರಿನಲ್ಲೇ ನಡೆಯುತ್ತದೆ. ಹೋದ ವರ್ಷ ಅದಕ್ಕೆ ಒಂದು ಹೊಸ ಬಟನ್ ಸೇರಿಸಿ, ತುಮಕೂರಿನಲ್ಲೇ ಕೂತು ಅಪ್‌ಡೇಟ್ ಮಾಡಿದೆ. ಮಾರನೇ ದಿನ ಬೆಳಿಗ್ಗೆ ಅಲ್ಲಿನ ಗುಮಾಸ್ತರ ಫೋನು.

"ಏನ್ ಸ್ವಾಮಿ, ನನ್ನ ಏಳನೇದನ್ನ ಎಲ್ಲಿಗೆ ಎತ್ತಾಕಿದ್ರಿ? ಮೂರು ಬಿಲ್ ರದ್ದಾಗಿ ಕೂತಿವೆ."

ಏಳನೇದು ಅಂದ್ರೆ ಏನು ಅಂತ ತಿಳಿಯಲಿಲ್ಲ. ರೈಲು ಹತ್ತಿ ಹೋದೆ. ಅಲ್ಲಿಯವರೆಗೂ ನಾನು ಮಾತಾಡಿದ್ದೆಲ್ಲ ಯಜಮಾನರ ಜೊತೆ. ಬಿಲ್ ಹಾಕುವವರಿಗೆ ಕಣ್ಣು ಕಾಣುವುದಿಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ. ಮಾನಿಟರ್ ಮೇಲೆ ಧೂಳಿಗೆ ಅಂತ ಒಂದು ಟವೆಲ್ ಹೊದಿಸಿತ್ತು. ಅದನ್ನು ತೆಗೆಯದೇ ಗುಮಾಸ್ತರಣ್ಣ ಕೆಲಸ ಮಾಡುತ್ತಿದ್ದರು.

ಅವರು ಬಳಸುವುದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಶುರು ಮಾಡಿದ, ಪುಕ್ಕಟೆ ಸಿಗುವ ಸ್ಕ್ರೀನ್ ರೀಡರ್, ಅಂದ್ರೆ ಪರದೆ ಮೇಲೆ ಇರುವುದನ್ನು ದನಿಯಲ್ಲಿ ಓದಿ ಹೇಳುವ ಸಾಫ್ಟ್‌ವೇರ್. ಕರ್ರನ್ ಅವರಿಗೂ ಕಣ್ಣು ಕಾಣುವುದಿಲ್ಲ. ಅದು ಓದುವ ವೇಗಕ್ಕೆ ನನಗೆ ಒಂದು ಪದವೂ ಸಿಗಲಿಲ್ಲ. "ನಿಧಾನ ಮಾಡ್ಲಾ?" ಅಂತ ನಕ್ಕು ವೇಗ ಇಳಿಸಿದರು. ಆಮೇಲೆ ಬಿ ಕೀ ಒತ್ತಿದರು. ಎನ್‌ವಿಡಿಎಯಲ್ಲಿ ಬಿ ಒತ್ತಿದರೆ ಪುಟದ ಮುಂದಿನ ಬಟನ್‌ಗೆ ಹೋಗುತ್ತದೆ.

"ಬಟನ್." "ಬಟನ್." "ಬಟನ್."

ಅಷ್ಟೇ. ನಾನು ಬರೀ ಚಿತ್ರ ಹಾಕಿದ್ದೆ, ಒಂದಕ್ಕೂ ಹೆಸರು ಕೊಟ್ಟಿರಲಿಲ್ಲ. ಅಣ್ಣ ಎಣಿಸಿ ಇಟ್ಟುಕೊಂಡಿದ್ದರು: ಏಳನೇದು ಸೇವ್, ಎಂಟನೇದು ಪ್ರಿಂಟ್. ನಾನು ನಡುವೆ ಎರಡು ಬಟನ್ ಅದಲು ಬದಲು ಮಾಡಿ ಒಂದು ಸೇರಿಸಿದ್ದರಿಂದ ಏಳನೇ ಜಾಗಕ್ಕೆ 'ರದ್ದು' ಬಟನ್ ಬಂದಿತ್ತು. ಸೇವ್, ರದ್ದು ಎರಡಕ್ಕೂ ನನ್ನ ಪುಟ "ಖಚಿತವೇ?" ಅಂತ ಕೇಳುತ್ತಿತ್ತು. ಯಾವುದಕ್ಕೆ ಖಚಿತ ಅಂತ ಹೇಳುತ್ತಿರಲಿಲ್ಲ. ಅವರು ಎಂದಿನಂತೆ ಎಂಟರ್ ಒತ್ತಿದ್ದರು.

ಒಂದು ವರ್ಷ ಹೀಗೇ ಎಣಿಸಿಕೊಂಡು ನಡೆಸಿದ್ದಾರೆ, ಒಂದು ಮಾತೂ ಹೇಳದೆ. ಯಾಕಣ್ಣ ಅಂದೆ. "ಎಲ್ಲಾ ಸಾಫ್ಟ್‌ವೇರೂ ಹಂಗೇ ಅಲ್ವಾ?" ಅಂದರು.

ಬಟನ್‌ಗಳಿಗೆ ಹೆಸರು ಹಾಕುವುದು ಅರ್ಧ ಗಂಟೆಯ ಕೆಲಸ. ಚಿತ್ರದ ಪಕ್ಕ ಅಕ್ಷರದಲ್ಲೇ ಬರೆದೆ, ಯಜಮಾನರಿಗೂ ಅನುಕೂಲವಾಯಿತು. ಆದರೂ ಕನ್ನಡ ಹೆಸರನ್ನು ಇಂಗ್ಲಿಷ್ ದನಿ ಓದಲು ಹೋಗಿ ಏನೇನೋ ಗೊಣಗುತ್ತಿತ್ತು. ಪುಟದ ಭಾಷೆ ಎನ್ನುವ ಕಡೆ ಹಳೇ ಟೆಂಪ್ಲೇಟಿನ 'ಇಎನ್' ಹಾಗೇ ಉಳಿದಿತ್ತು. 'ಕೆಎನ್' ಮಾಡಿದೆ. ಒಂದು ಅಕ್ಷರ ಅಷ್ಟೇ!

ನಾನು ಜಾಸ್ತಿ ಎಡವಿದ್ದು 'ವರದಿಗಳು' ಮೆನುವಿನಲ್ಲಿ. ಅದು ಮೌಸ್ ಮೇಲೆ ಹೋದರೆ ಮಾತ್ರ ತೆರೆಯುತ್ತಿತ್ತು. ಅಣ್ಣ ಮೌಸ್ ಮುಟ್ಟುವುದೇ ಇಲ್ಲ. ಏರಿಯಾ (ARIA) ಅಂತ ಇದೆ, ಪುಟದ ಯಾವ ಭಾಗ ಏನು ಅಂತ ಸ್ಕ್ರೀನ್ ರೀಡರಿಗೆ ಹೇಳುವ ಗುರುತುಗಳು. ಎಲ್ಲೋ ಓದಿ, ಅದರ 'ಮೆನು' ಗುರುತು ಅಂಟಿಸಿದೆ. ಇನ್ನೂ ಕೆಟ್ಟಿತು. ಆ ಗುರುತು ಹಾಕಿದರೆ ಬಾಣದ ಕೀ, ಹೋಮ್, ಎಂಡ್, ಎಸ್ಕೇಪ್ ಎಲ್ಲವೂ ಡೆಸ್ಕ್‌ಟಾಪ್ ಮೆನುವಿನಂತೆ ನಡೆಯುತ್ತವೆ ಅಂತ ನಾವು ಮಾತು ಕೊಟ್ಟ ಹಾಗೆ. ಎನ್‌ವಿಡಿಎ ನಂಬಿ ಆ ಕೀಗಳನ್ನು ನನ್ನ ಪುಟಕ್ಕೇ ಬಿಟ್ಟುಕೊಟ್ಟಿತು. ನನ್ನ ಪುಟ ಸುಮ್ನೆ ಕೂತಿತ್ತು. ಎಲ್ಲ ಕಿತ್ತು, ಒಂದು ಮಾಮೂಲಿ ಬಟನ್, ಕೆಳಗೆ ಲಿಂಕುಗಳ ಪಟ್ಟಿ ಇಟ್ಟೆ. ತೆರೆದಿದೆಯೋ ಮುಚ್ಚಿದೆಯೋ ಹೇಳಲು ಏರಿಯಾ-ಎಕ್ಸ್‌ಪ್ಯಾಂಡೆಡ್ ಎನ್ನುವ ಗುರುತು ಒಂದೇ ಸಾಕು. ಎಸ್ಕೇಪ್ ಒತ್ತಿದರೆ ಮುಚ್ಚಿ, ಮತ್ತೆ ಅದೇ ಬಟನ್‌ಗೆ ಬಂದು ನಿಲ್ಲಬೇಕು. ಮೊದಲು ಇದನ್ನು ಮರೆತಿದ್ದೆ. ಅಣ್ಣ ಪುಟದ ತಲೆಯಿಂದ ಮತ್ತೆ ನಡೆದುಕೊಂಡು ಬರಬೇಕಾಗುತ್ತಿತ್ತು.

ದಿನಾಂಕ ಆರಿಸುವ ಕ್ಯಾಲೆಂಡರ್ ಇನ್ನೂ ಬಾಕಿ. ಸದ್ಯಕ್ಕೆ ಅದನ್ನು ತೆಗೆದು ಖಾಲಿ ಪೆಟ್ಟಿಗೆ ಕೊಟ್ಟಿದ್ದೇನೆ, ಟೈಪ್ ಮಾಡಿದರಾಯಿತು. "ಇದೇ ಇರಲಿ ಬಿಡಿ," ಅಂತ ಅಣ್ಣ.